‘ಹಿನಾಮತ್ಸುರಿ’: ಹಾಸ್ಯ, ಆಭಾಸ ಮತ್ತು ಕಟ್ಟಿಕೊಂಡ ಕುಟುಂಬ

೧

ಕರ್ನಾಟಕದ ಹೊರಗೆ ಕನ್ನಡವನ್ನು ಬೋಧಿಸುವ ನಮ್ಮಂಥವರಿಗೆ ಒಂದು ಅನಿವಾರ್ಯವೂ ಒಂದು ಅನುಕೂಲವೂ ಇವೆ. ನಮ್ಮ ವಿದ್ಯಾರ್ಥಿಗಳು ಕನ್ನಡವನ್ನು ಬೇರೆ ಭಾಷೆಗಳ ನೆರೆಯಲ್ಲಿಯೇ ಓದಬೇಕಾಗುತ್ತದೆ ಎಂಬುದು ಅನಿವಾರ್ಯ. ಆ ನೆರೆಹೊರೆಯ ಕೃತಿಗಳ ಮೇಲೆ ನಮ್ಮ ಕಾವ್ಯಮೀಮಾಂಸೆಯ ಪರಿಕರಗಳನ್ನು ಪ್ರಯೋಗಿಸಿ, ಅವು ಎಷ್ಟು ದೂರ ನಡೆಯುತ್ತವೆ, ಎಲ್ಲಿ ನಿಲ್ಲುತ್ತವೆ ಎಂಬುದನ್ನು ಪರೀಕ್ಷಿಸಬಹುದು ಎಂಬುದು ಅನುಕೂಲ. ಪ್ರಸ್ತುತ ಲೇಖನವು ಅಂಥದೊಂದು ಪರೀಕ್ಷೆ. ಇದಕ್ಕೆ ನಾವು ಆರಿಸಿಕೊಂಡಿರುವುದು ಪ್ರೌಢಕಾವ್ಯವನ್ನಲ್ಲ. ಜಪಾನಿನ ಒಂದು ಹಾಸ್ಯಪ್ರಧಾನ ಮಾಂಗಾ ಕೃತಿಯನ್ನು. (ಜಪಾನೀಯರ ಉಚ್ಚಾರಣೆಗೆ ಸಮೀಪವಾಗಿ ಈ ಪದವನ್ನು ಬರೆದರೆ ಕನ್ನಡದಲ್ಲಿ ಬೇರೊಂದು ಪ್ರಾಣಿಯ ನೆನಪಾಗುವುದರಿಂದ ದೀರ್ಘವನ್ನು ಉಳಿಸಿಕೊಂಡಿದ್ದೇವೆ.)

ಮಸಾವೊ ಓತಕೆ ಅವರು ಬರೆದು ಚಿತ್ರಿಸಿದ ‘ಹಿನಾಮತ್ಸುರಿ’ ೨೦೧೦ರಿಂದ ೨೦೨೦ರವರೆಗೆ ನಿಯತಕಾಲಿಕದಲ್ಲಿ ಧಾರಾವಾಹಿಯಾಗಿ ಬಂದು, ಹತ್ತೊಂಬತ್ತು ಸಂಪುಟಗಳಲ್ಲಿ ಮುಗಿದಿದೆ. ಮೊದಲು ‘ಫೆಲೋಸ್’ ಎಂಬ ಹೆಸರಿನಲ್ಲಿದ್ದ ಆ ಪತ್ರಿಕೆ ೨೦೧೩ರಲ್ಲಿ ‘ಹಾರ್ತಾ’ ಎಂದಾಯಿತು. ಕೃತಿಯ ಆಧಾರದ ಮೇಲೆ ಹನ್ನೆರಡು ಕಂತುಗಳ ಸಚೇತನ ಚಿತ್ರಮಾಲೆ ೨೦೧೮ರಲ್ಲಿ ಪ್ರಸಾರವಾಯಿತು. ಇಂಗ್ಲಿಷ್ ಅನುವಾದವೂ ಅದೇ ವರ್ಷ ಹೊರಬರತೊಡಗಿತು. ಅತಿಮಾನುಷ ಶಕ್ತಿ, ಸಂಘಟಿತ ಅಪರಾಧ, ರಕ್ತಸಂಬಂಧವಿಲ್ಲದ ಕುಟುಂಬ ಎಂಬ ಮೂರು ಎಳೆಗಳು ಇದರಲ್ಲಿ ಹೆಣೆದುಕೊಂಡಿವೆ. ಈ ಮೂರನ್ನು ಬಿಡಿಬಿಡಿಯಾಗಿ ಬಳಸಿದ ಕೃತಿಗಳು ಜಪಾನಿನಲ್ಲಿ ವಿಪುಲ. ಈ ಕೃತಿಯ ವಿಶೇಷವೆಂದರೆ ಒಂದು ಎಳೆ ಮತ್ತೊಂದನ್ನು ಪರೀಕ್ಷೆಗೆ ಒಡ್ಡುತ್ತದೆ.

ನಮ್ಮ ಪ್ರತಿಪಾದನೆಯನ್ನು ಆರಂಭದಲ್ಲಿಯೇ ಹೇಳಿಬಿಡುವುದು ಉಚಿತ. ಈ ಕೃತಿಯಲ್ಲಿ ವಿಧಿಪೂರ್ವಕವಾಗಿ ಏರ್ಪಟ್ಟ ತಂದೆತನವು ಆಭಾಸವಾಗಿಯೂ, ಆಭಾಸವಾಗಿ ಶುರುವಾದ ತಂದೆತನವು ನಿಜವಾಗಿಯೂ ಕಾಣಿಸಿಕೊಳ್ಳುತ್ತವೆ. ಹಾಸ್ಯವು ಇದನ್ನು ಬೆಳಕಿಗೆ ತರುತ್ತದೆ. ಆದರೆ ಅದೇ ಹಾಸ್ಯವು ಮತ್ತೊಂದು ಸತ್ಯವನ್ನು ಮರೆಮಾಡುತ್ತದೆ. ಆ ಮರೆಯನ್ನು ಸರಿಸದೆ ಕೃತಿಯ ಮೌಲ್ಯಮಾಪನ ಪೂರ್ಣವಾಗದು.

೨

ಯೋಶಿಫುಮಿ ನಿತ್ತಾ ಯಾಕುಜಾ ತಂಡವೊಂದರ ಮಧ್ಯಮ ಶ್ರೇಣಿಯ ಸದಸ್ಯ, ಅವಿವಾಹಿತ, ಬೆಲೆಬಾಳುವ ಪಿಂಗಾಣಿ ಹೂಜಿಗಳನ್ನು ಸಂಗ್ರಹಿಸುವುದು ಅವನ ವ್ಯಸನ. ಒಂದು ರಾತ್ರಿ ಅವನ ಮನೆಯೊಳಗೆ, ಅವನ ತಲೆಯ ಮೇಲೆಯೇ, ಲೋಹದ ಮೊಟ್ಟೆಯಂಥದೊಂದು ವಸ್ತು ಬೀಳುತ್ತದೆ. ಅದರೊಳಗಿನಿಂದ ಹೊರಬರುವವಳು ಹಿನಾ ಎಂಬ ಹುಡುಗಿ. ಮುಖದಲ್ಲಿ ಯಾವ ಭಾವವೂ ಇಲ್ಲ. ಮುಟ್ಟದೆಯೇ ವಸ್ತುಗಳನ್ನು ಎತ್ತುವ, ಒಡೆಯುವ ಶಕ್ತಿ ಅವಳಿಗಿದೆ. ಆ ಶಕ್ತಿಗೆ ನಿತ್ತಾ ಮಣಿಯುವುದು ಪ್ರಾಣಭಯದಿಂದಲ್ಲ. ಹೂಜಿಗಳು ಒಡೆದುಹೋಗುತ್ತವೆ ಎಂಬ ಭಯದಿಂದ. ಕೃತಿಯ ಹಾಸ್ಯದ ಧಾಟಿ ಇಲ್ಲಿಯೇ ನಿರ್ಣಯವಾಗಿಬಿಡುತ್ತದೆ. ಅದ್ಭುತವು ಆಕಾಶದಿಂದ ಇಳಿದು ನೇರವಾಗಿ ಮನೆಯ ಸಾಮಾನುಗಳ ಲೆಕ್ಕಕ್ಕೆ ಬಂದು ಕೂರುತ್ತದೆ.

ಶೀರ್ಷಿಕೆಯ ಶ್ಲೇಷವನ್ನೂ ಗಮನಿಸಬೇಕು. ಹಿನಾಮತ್ಸುರಿ ಎಂಬುದು ಮಾರ್ಚ್ ೩ರಂದು ಹೆಣ್ಣುಮಕ್ಕಳ ಶ್ರೇಯಸ್ಸಿಗಾಗಿ ಮೆಟ್ಟಿಲುಮೆಟ್ಟಿಲಾಗಿ ಬೊಂಬೆಗಳನ್ನು ಕೂರಿಸುವ ಹಬ್ಬ. ದಸರೆಯ ಬೊಂಬೆ ಕೂರಿಸುವ ಮನೆಗಳಿಂದ ಬಂದವರಿಗೆ ಇದರ ಚಿತ್ರ ಸುಲಭವಾಗಿ ಕಣ್ಣಿಗೆ ಕಟ್ಟೀತು. ಹಿನಾ ಎಂದರೆ ಆ ಬೊಂಬೆ. ಮೊಟ್ಟೆಯೊಡೆದ ಮರಿ ಎಂಬ ಅರ್ಥವೂ ಅದಕ್ಕಿದೆ. ಇಲ್ಲಿ ಅದು ಹುಡುಗಿಯ ಹೆಸರೂ ಹೌದು. ಹಬ್ಬದ ಬೊಂಬೆಗಳನ್ನು ಹೆಣ್ಣುಮಗುವಿರುವ ಮನೆಯವರು ಕೂರಿಸುತ್ತಾರೆ. ಇಲ್ಲಿ ಮಗಳಿಲ್ಲದವನ ಮನೆಗೆ ಬೊಂಬೆಮುಖದ ಹುಡುಗಿಯೇ ಬಂದು ಬೀಳುತ್ತಾಳೆ. ಸಾಲ್ಮನ್ ಮೀನಿನ ಮೊಟ್ಟೆ ಎಂದರೆ ಅವಳಿಗೆ ಪ್ರಾಣ.

ಹಾಸ್ಯದ ಕ್ರಮವನ್ನು ಗುರುತಿಸಲು ಜಪಾನಿನ ‘ಮನ್‌ಜಾಯ್’ ಎಂಬ ಜೋಡಿವಿನೋದದ ಪರಂಪರೆ ನೆರವಾಗುತ್ತದೆ. ಅದರಲ್ಲಿ ಒಬ್ಬನು ‘ಬೊಕೆ’, ಅಸಂಬದ್ಧವನ್ನು ಸಹಜವೆಂಬಂತೆ ನುಡಿಯುವವನು. ಇನ್ನೊಬ್ಬನು ‘ತ್ಸುಕ್ಕೊಮಿ’, ಅದನ್ನು ಒಡನೆಯೇ ಎತ್ತಿ ಗದರಿಸುವವನು. ಹಿನಾ ಬೊಕೆ, ನಿತ್ತಾ ತ್ಸುಕ್ಕೊಮಿ. ಓತಕೆಯವರ ರೇಖೆ ಇದಕ್ಕೆ ಹೊಂದುವಂಥದು. ಹಿನಾಳ ಮುಖವನ್ನು ಅವರು ಬಹುತೇಕ ಬದಲಿಸುವುದಿಲ್ಲ. ಬದಲಾಗುವುದೆಲ್ಲ ಅವಳ ಎದುರಿಗಿರುವವರ ಮುಖ. ಮಾತಿಲ್ಲದ ಒಂದು ಚಿತ್ರಚೌಕವನ್ನು ಎರಡು ಮಾತುಗಳ ನಡುವೆ ಇಟ್ಟು ಓದುಗನನ್ನು ಅರೆಕ್ಷಣ ನಿಲ್ಲಿಸುವುದು ಅವರ ಮೆಚ್ಚಿನ ಉಪಾಯ. ನಗು ಹುಟ್ಟುವುದು ಆ ನಿಲುಗಡೆಯಲ್ಲಿ. ರಂಗಭೂಮಿಯಲ್ಲಿ ನಟನ ಮೌನ ಮಾಡುವ ಕೆಲಸವನ್ನು ಇಲ್ಲಿ ಪುಟದ ವಿನ್ಯಾಸ ಮಾಡುತ್ತದೆ.

೩

ಭರತನು ಹಾಸ್ಯವನ್ನು ಶೃಂಗಾರದ ಅನುಕೃತಿಯಿಂದ ಹುಟ್ಟುವುದೆಂದು ನಿರೂಪಿಸಿದನು. ಅಭಿನವಗುಪ್ತನು ಅದನ್ನು ವಿಸ್ತರಿಸಿ, ಶೃಂಗಾರವೊಂದೇ ಅಲ್ಲ, ಯಾವ ರಸದ ಆಭಾಸವೂ ಹಾಸ್ಯಕ್ಕೆ ಎಡೆಗೊಡಬಲ್ಲದು ಎಂದನು. ಅನುಚಿತವಾದ ಆಶ್ರಯದಲ್ಲಿ ಕಾಣಿಸಿಕೊಂಡ ವೀರ, ಅನುಚಿತವಾದ ವಿಷಯಕ್ಕೆ ತೋರಿದ ಶೋಕ, ಇವು ರಸವಾಗಿ ನಿಲ್ಲಲಾರದೆ ನಗುವಾಗಿ ಜಾರುತ್ತವೆ. ‘ಹಿನಾಮತ್ಸುರಿ’ಯ ಬಹುಭಾಗವನ್ನು ಈ ಸೂತ್ರವೊಂದೇ ವಿವರಿಸುತ್ತದೆ.

ಹಿನಾಳನ್ನು ಕೊನೆಗಾಣಿಸಲೆಂದು ಆನ್ಜು ಎಂಬ ಇನ್ನೊಬ್ಬ ಶಕ್ತಿಶಾಲಿನಿ ಬರುತ್ತಾಳೆ. ವೀರಕ್ಕೂ ರೌದ್ರಕ್ಕೂ ಸಕಲ ಸಿದ್ಧತೆ ನಡೆದಿದೆ. ಆದರೆ ಊರು ಹಾಳಾಗದಿರಲೆಂಬ ಕಾರಣಕ್ಕೆ ಆ ಕಾಳಗವು ಬೆರಳು ತೋರಿದ ದಿಕ್ಕಿಗೆ ಮುಖ ತಿರುಗಿಸಿದವರು ಸೋಲುವ ಮಕ್ಕಳ ಆಟವಾಗಿ ಮುಗಿಯುತ್ತದೆ. ಹಿನಾಳ ಶಕ್ತಿಯಿಂದ ನಿತ್ತಾನಿಗೆ ತಂಡದಲ್ಲಿ ಮೇಲ್ದರ್ಜೆ ದೊರೆಯುತ್ತದೆ. ಕಾಡು ಕಡಿದು ನೆಲ ಸಮಗೊಳಿಸುವ ಗುತ್ತಿಗೆಗೂ ಅವಳು ಒದಗುತ್ತಾಳೆ. ಬೇರೆ ಕಥೆಗಳಲ್ಲಿ ಲೋಕವನ್ನು ಉಳಿಸುವ ಅಥವಾ ಅಳಿಸುವ ಶಕ್ತಿ ಇಲ್ಲಿ ಕೂಲಿಯ ಲೆಕ್ಕಕ್ಕೆ ಇಳಿದಿದೆ. ಇದು ಅದ್ಭುತದ ಆಭಾಸ.

ಆಭಾಸದ ಈ ವ್ಯವಸ್ಥೆಯಲ್ಲಿ ಅತ್ಯಂತ ಅರ್ಥಪೂರ್ಣವಾದುದು ತಂದೆತನದ ಆಭಾಸ. ಯಾಕುಜಾ ಸಂಘಟನೆಯ ರಚನೆ ತಿಳಿಯದೆ ಇದು ಮನವರಿಕೆಯಾಗದು. ಆ ಸಂಘಟನೆ ತನ್ನನ್ನು ತಾನು ಕುಟುಂಬವೆಂದೇ ಕರೆದುಕೊಳ್ಳುತ್ತದೆ. ಮುಖಂಡನು ‘ಒಯಾಬುನ್’, ಅಂದರೆ ತಂದೆತಾಯಿಯ ಸ್ಥಾನದಲ್ಲಿರುವವನು. ಅನುಯಾಯಿಯು ‘ಕೊಬುನ್’, ಮಗುವಿನ ಸ್ಥಾನದಲ್ಲಿರುವವನು. ‘ಸಾಕಾಜುಕಿ’ ಎಂಬ ವಿಧಿಯಲ್ಲಿ ಅಕ್ಕಿಮದ್ಯದ ಬಟ್ಟಲನ್ನು ಹಂಚಿಕೊಂಡು ಈ ಸಂಬಂಧವನ್ನು ಸ್ಥಾಪಿಸುತ್ತಾರೆ. ತಪ್ಪಿಗೆ ಕಿರುಬೆರಳ ತುದಿಯನ್ನು ಕತ್ತರಿಸಿಕೊಡುವ ಪದ್ಧತಿಯೂ ಬಹಿಷ್ಕಾರದ ಕ್ರಮವೂ ಪ್ರಸಿದ್ಧ. ೧೯೬೦ರ ದಶಕದ ಜಪಾನೀ ಚಲನಚಿತ್ರಗಳು ಈ ‘ಕುಟುಂಬ’ವನ್ನು ಕರ್ತವ್ಯ ಮತ್ತು ಮಾನವೀಯ ಭಾವನೆಗಳ ಸಂಘರ್ಷದ ಕಣವಾಗಿ ವೈಭವೀಕರಿಸಿದವು. ಕಿಂಜಿ ಫುಕಾಸಾಕು ನಿರ್ದೇಶಿಸಿ ೧೯೭೩ರಲ್ಲಿ ಆರಂಭವಾದ ‘ಜಿಂಗಿ ನಾಕಿ ತತಕಾಯ್’ ಚಿತ್ರಮಾಲೆ ಆ ವೈಭವವನ್ನು ಒಡೆದು, ಅಲ್ಲಿರುವುದು ದ್ರೋಹ ಮತ್ತು ಲಾಭದ ವ್ಯವಹಾರವೆಂದು ತೋರಿಸಿತು. ‘ಹಿನಾಮತ್ಸುರಿ’ ಆ ಒಡೆದ ವೈಭವದ ಚೂರುಗಳ ನಡುವೆ ನಿಂತ ಕೃತಿ.

ಇಲ್ಲಿ ನಿತ್ತಾನಿಗೆ ಎರಡು ಕುಟುಂಬಗಳು. ಒಂದು, ವಿಧಿಪೂರ್ವಕವಾಗಿ ಸೇರಿದ ತಂಡ. ಅಲ್ಲಿ ಎಲ್ಲರೂ ತಂದೆ, ಅಣ್ಣ, ತಮ್ಮ ಎಂಬ ಸ್ಥಾನಗಳಲ್ಲಿದ್ದಾರೆ. ಆದರೆ ಅಲ್ಲಿನ ನಿಷ್ಠೆಯೆಲ್ಲ ಮೇಲ್ದರ್ಜೆಯ ಆಸೆಗೂ ಕೆಳಗಿಳಿಯುವ ಭಯಕ್ಕೂ ಬಂಧಿತವಾದುದು. ಇನ್ನೊಂದು, ವಿಧಿಯಿಲ್ಲದೆ, ಇಷ್ಟವೂ ಇಲ್ಲದೆ ತಲೆಯ ಮೇಲೆ ಬಿದ್ದದ್ದು. ನಿತ್ತಾ ಅವಳನ್ನು ಮಗಳೆಂದು ಹೇಳಿಕೊಳ್ಳುವುದು ಸುಳ್ಳು. ಲೋಕದ ಪ್ರಶ್ನೆಗಳಿಂದ ತಪ್ಪಿಸಿಕೊಳ್ಳಲು ಆಡಿದ ಮಾತು. ಆ ಸುಳ್ಳಿನಿಂದ ಅವನಿಗೆ ನಷ್ಟವೇ ಹೆಚ್ಚು. ಮದ್ಯಗೃಹ ನಡೆಸುವ ಉತಾಕೊಳ ಮೇಲಣ ಅವನ ಆಸೆ ಈಡೇರುವುದಿಲ್ಲ. ತನ್ನ ಸ್ವಂತ ತಾಯಿಯ ಮುಂದೆಯೂ ಅದೇ ಸುಳ್ಳಿನ ಭಾರ ಹೊರಬೇಕಾಗುತ್ತದೆ. ಆದರೂ ಊಟ ಬೇಯಿಸುತ್ತಾನೆ, ಶಾಲೆಗೆ ಕಳುಹಿಸುತ್ತಾನೆ, ಗದರುತ್ತಾನೆ. ಒಮ್ಮೆ ಕೋಪದಿಂದ ಹೊರಹಾಕಿಯೂ ಬಿಡುತ್ತಾನೆ. ಮತ್ತೆ ಒಳಗೆ ಸೇರಿಸಿಕೊಳ್ಳುತ್ತಾನೆ. ಎರಡೂ ಸಂದರ್ಭಗಳಲ್ಲಿ ಲೇಖಕರು ಭಾವೋದ್ರೇಕದ ಭಾಷಣ ಬರೆಯಲಿಲ್ಲ. ವಾತ್ಸಲ್ಯವನ್ನು ಹತ್ತನೆಯ ರಸವೆಂದು ಅಂಗೀಕರಿಸಿದ ವಿಶ್ವನಾಥನು ಮಗುವಿನ ಆಟಪಾಟಗಳನ್ನು ಅದರ ಉದ್ದೀಪನಗಳಲ್ಲಿ ಸೇರಿಸುತ್ತಾನೆ. ಹಿನಾಳಲ್ಲಿ ಮುದ್ದಿನ ಆಟವೊಂದೂ ಇಲ್ಲ. ಇರುವುದು ಸೋಮಾರಿತನ, ತಿಂಡಿಪೋತತನ, ತರಗತಿಯಲ್ಲಿ ನಿದ್ದೆ. ಉದ್ದೀಪನವೇ ಇಲ್ಲದೆ ಸ್ಥಾಯಿಭಾವ ನೆಲೆಗೊಳ್ಳುವುದೆಂತು ಎಂಬ ಪ್ರಶ್ನೆಗೆ ಈ ಕೃತಿ ಕೊಡುವ ಉತ್ತರ ಒಂದೇ: ರೂಢಿ. ದಿನವೂ ಎರಡು ತಟ್ಟೆ ಇಡುವ ರೂಢಿ. ಅನುಕೃತಿಯೇ ಆದರೂ ವರ್ಷಗಟ್ಟಲೆ ಬಿಡದೆ ನಡೆದರೆ ಅದನ್ನು ಆಭಾಸವೆನ್ನಲು ಬರುವುದಿಲ್ಲ. ನಮ್ಮ ಆಲಂಕಾರಿಕರು ಈ ಮಗ್ಗುಲನ್ನು ವಿಶೇಷವಾಗಿ ಚರ್ಚಿಸಿದಂತಿಲ್ಲ. ರಸಾಭಾಸವು ರಸವಾಗಿ ಮರಳುವ ಮಾರ್ಗವು ನಮ್ಮ ಸಂಶೋಧಕರ ಗಮನಕ್ಕೆ ಯೋಗ್ಯವಾದ ವಿಷಯ.

೪

ಸೋತ ಆನ್ಜು ತನ್ನ ಲೋಕಕ್ಕೆ ಹಿಂದಿರುಗಲಾರದೆ ಊರಲ್ಲಿ ಉಳಿಯುತ್ತಾಳೆ. ಕೃತಿಯ ಶ್ರೇಷ್ಠ ಭಾಗಗಳು, ನಮ್ಮ ಮಟ್ಟಿಗೆ, ಅವಳಿಗೆ ಸಂಬಂಧಿಸಿದವು. ಹಸಿವಿನಿಂದ ಅಂಗಡಿಗಳಲ್ಲಿ ಕದಿಯುತ್ತಾಳೆ. ಅಂಗಡಿಯವರು ಒಟ್ಟಾಗಿ ಬೆನ್ನಟ್ಟುತ್ತಾರೆ. ಕಡೆಗೆ ಉದ್ಯಾನದಲ್ಲಿ ವಾಸಿಸುವ ನಿರ್ವಸತಿಕರ ಗುಂಪು ಅವಳನ್ನು ತನ್ನೊಳಗೆ ಸೇರಿಸಿಕೊಳ್ಳುತ್ತದೆ. ಖಾಲಿ ಡಬ್ಬಿಗಳನ್ನು ಆಯ್ದು ಮಾರುವುದು, ಮಾರಾಟಯಂತ್ರಗಳ ಅಡಿಯಲ್ಲಿ ಉರುಳಿದ ನಾಣ್ಯಗಳನ್ನು ಹುಡುಕುವುದು, ಮಳೆ ಬಾರದಂತೆ ಹಾಳೆ ಕಟ್ಟುವುದು, ಇವನ್ನು ಕಲಿಯುತ್ತಾಳೆ. ಮುಟ್ಟದೆ ಎತ್ತಬಲ್ಲವಳು ಒಂದೊಂದೇ ಡಬ್ಬಿಯನ್ನು ಕೈಯಿಂದ ಎತ್ತಲು ಕಲಿಯುತ್ತಾಳೆ. ಶಕ್ತಿಯಿಂದ ಪಡೆದ ಅನ್ನಕ್ಕೂ ದುಡಿದು ಪಡೆದ ಅನ್ನಕ್ಕೂ ಇರುವ ಅಂತರವನ್ನು ಯಾರೂ ಅವಳಿಗೆ ಉಪದೇಶಿಸುವುದಿಲ್ಲ. ಅದು ಅವಳಿಗೆ ಹೊಟ್ಟೆಯ ಮೂಲಕವೇ ತಿಳಿಯುತ್ತದೆ. ಮುಂದೆ ಉದ್ಯಾನವನ್ನು ತೆರವುಗೊಳಿಸಿದಾಗ ಆ ಗುಂಪು ಚದುರುತ್ತದೆ. ನಿತ್ತಾನ ಮನೆಯಲ್ಲಿ ಅಲ್ಪಕಾಲವಿದ್ದ ಆನ್ಜು, ಚೀನೀ ಉಪಾಹಾರಗೃಹ ನಡೆಸುವ ವೃದ್ಧ ದಂಪತಿಗಳ ಆಶ್ರಯ ಸೇರುತ್ತಾಳೆ. ಉದ್ಯಾನದವರು ಅವಳನ್ನು ಬೀಳ್ಕೊಡುವ ಪ್ರಸಂಗದಲ್ಲಿ ಹಾಸ್ಯ ಕರುಣಕ್ಕೆ ದಾರಿ ಬಿಡುತ್ತದೆ. ಹಾಗೆ ಬಿಟ್ಟುಕೊಡಲು ಅಂಜದಿರುವುದು ಒಳ್ಳೆಯ ಹಾಸ್ಯಗಾರನ ಲಕ್ಷಣ.

ಹಿತೊಮಿ ಮಿಶಿಮಾ ಮೂರನೆಯ ಹುಡುಗಿ, ಹಿನಾಳ ಸಹಪಾಠಿ. ಇವಳಿಗೆ ಅತಿಮಾನುಷ ಶಕ್ತಿಯಿಲ್ಲ; ಯಾವ ಕೆಲಸವನ್ನೂ ಒಲ್ಲೆನೆನ್ನಲಾಗದ ಸ್ವಭಾವ ಮತ್ತು ಅಸಾಧಾರಣ ಕೈಚಳಕವಿದೆ. ಆಕಸ್ಮಿಕವಾಗಿ ಉತಾಕೊಳ ಮದ್ಯಗೃಹದಲ್ಲಿ ನಿಂತವಳು ಅಲ್ಲಿಯೇ ಪಾನೀಯ ಬೆರೆಸುವವಳಾಗುತ್ತಾಳೆ. ಒಂದು ಕೆಲಸ ಮತ್ತೊಂದನ್ನು ಎಳೆದು ತರುತ್ತದೆ. ಅವಳು ಶಾಲಾಬಾಲಕಿ ಎಂಬುದು ಸುತ್ತಲಿನ ಹಿರಿಯರಿಗೆ ಗೊತ್ತಿಲ್ಲದ್ದಲ್ಲ. ಅವಳು ಅಷ್ಟು ಉಪಯುಕ್ತಳಾದುದರಿಂದ ಯಾರೂ ತಡೆಯುವುದಿಲ್ಲ. ನಗಿಸುತ್ತಲೇ ಚುಚ್ಚುವ ಈ ಭಾಗದಲ್ಲಿ ದುಡಿಮೆಯನ್ನೇ ಶೀಲವೆಂದು ಎಣಿಸುವ ಸಮಾಜದ ವಿಡಂಬನೆ ಇದೆ. ಹಿನಾ ಶಕ್ತಿಯಿದ್ದೂ ದುಡಿಯಲೊಲ್ಲಳು. ಆನ್ಜು ಶಕ್ತಿಯನ್ನು ಬದಿಗಿಟ್ಟು ದುಡಿಯಲು ಕಲಿಯುತ್ತಾಳೆ. ಹಿತೊಮಿಯ ದುಡಿಮೆಯೇ ಅತಿಮಾನುಷ. ಮೂವರನ್ನು ಒಟ್ಟಿಗೆ ಇಟ್ಟು ನೋಡಿದರೆ ಕೃತಿಯ ವಸ್ತು ಶಕ್ತಿಯಲ್ಲ, ಜೀವನೋಪಾಯ ಎಂಬುದು ಸ್ಪಷ್ಟವಾಗುತ್ತದೆ.

೫

ಇನ್ನು ಮರೆಯ ಮಾತು. ಸಂಘಟಿತ ಅಪರಾಧದ ಸದಸ್ಯನನ್ನು ಪ್ರಿಯನನ್ನಾಗಿ ಮಾಡುವ ಕೃತಿಯ ಮೇಲೆ ಅಪರಾಧವನ್ನು ಬೆಳ್ಳಗೆ ಬಳಿಯುತ್ತದೆಂಬ ಆಕ್ಷೇಪ ಸಹಜ. ಈ ಆಕ್ಷೇಪವನ್ನು ಇಡಿಯಾಗಿ ಒಪ್ಪುವುದೂ ಇಡಿಯಾಗಿ ತಳ್ಳುವುದೂ ಸರಿಯಲ್ಲ. ಕಾಲಸಂದರ್ಭವನ್ನು ನೋಡಬೇಕು. ಜಪಾನಿನ ಆರಕ್ಷಕ ಇಲಾಖೆಯ ಎಣಿಕೆಯಂತೆ ೧೯೬೩ರಲ್ಲಿ ಸುಮಾರು ೧,೮೪,೦೦೦ ಇದ್ದ ಈ ತಂಡಗಳ ಸದಸ್ಯಸಂಖ್ಯೆ ೨೦೧೦ರ ಅಂತ್ಯಕ್ಕೆ ಸುಮಾರು ೭೮,೬೦೦ಕ್ಕೂ, ೨೦೨೦ರ ಅಂತ್ಯಕ್ಕೆ ಸುಮಾರು ೨೫,೯೦೦ಕ್ಕೂ ಇಳಿಯಿತು. ೧೯೯೨ರಲ್ಲಿ ಜಾರಿಗೆ ಬಂದ ನಿಗ್ರಹ ಕಾಯಿದೆಯೂ, ೨೦೧೧ರ ಹೊತ್ತಿಗೆ ಎಲ್ಲ ಪ್ರಾಂತಗಳಲ್ಲಿ ಜಾರಿಯಾದ ಬಹಿಷ್ಕಾರ ನಿಯಮಗಳೂ ಇದಕ್ಕೆ ಮುಖ್ಯ ಕಾರಣಗಳು. ಎಂದರೆ ‘ಹಿನಾಮತ್ಸುರಿ’ ಪ್ರಕಟವಾಗುತ್ತಿದ್ದ ದಶಕದಲ್ಲಿಯೇ ಅದರ ನಾಯಕನ ವೃತ್ತಿ ಮೂರರಲ್ಲೊಂದು ಭಾಗಕ್ಕೆ ಕುಗ್ಗಿತು. ಇಸ್ಪೀಟಿನ ಆಟದಲ್ಲಿ ಬೆಲೆಯಿಲ್ಲದ ಎಲೆಗಳ ಕೂಟಕ್ಕಿದ್ದ ಹೆಸರಿನಿಂದ ‘ಯಾಕುಜಾ’ ಎಂಬ ಪದ ಬಂದಿದೆಯೆಂದು ಹೇಳುತ್ತಾರೆ. ಅಳಿಯುತ್ತಿರುವ ವರ್ಗದ ಮೇಲೆ ನಗುವುದು ಸುಲಭ. ಅದನ್ನು ಪ್ರೀತಿಸುವುದು ಇನ್ನೂ ಸುಲಭ.

ಆದರೆ ನಮ್ಮ ಆಕ್ಷೇಪ ಬೇರೆಯದು. ಈ ಕೃತಿಯಲ್ಲಿ ನಿತ್ತಾನ ಲೋಕವೂ ಆನ್ಜುವಿನ ಉದ್ಯಾನವೂ ಅಕ್ಕಪಕ್ಕದಲ್ಲಿವೆ. ಜನ ಒಂದರಿಂದ ಇನ್ನೊಂದಕ್ಕೆ ಹೋಗಿಬಂದು ಮಾಡುತ್ತಾರೆ. ಆ ಎರಡು ಲೋಕಗಳ ನಡುವೆ ಚರಿತ್ರೆಯಲ್ಲಿ ಇದ್ದ ಸಂಬಂಧ ಮಾತ್ರ ಎಲ್ಲಿಯೂ ಕಾಣಿಸುವುದಿಲ್ಲ. ತೋಕಿಯೋದ ಸಾನ್ಯಾ, ಒಸಾಕಾದ ಕಾಮಾಗಸಾಕಿ ಮೊದಲಾದ ಕೂಲಿಕಾರರ ಕೇರಿಗಳಲ್ಲಿ ದಿನಗೂಲಿಯವರನ್ನು ಕಟ್ಟಡದ ಕೆಲಸಗಳಿಗೆ ಒದಗಿಸುವ ದಲ್ಲಾಳಿತನದಲ್ಲಿ ಯಾಕುಜಾ ತಂಡಗಳು ತೊಡಗಿದ್ದವು. ಕೂಲಿಯಲ್ಲಿ ಒಂದು ಪಾಲು ಅವರ ಕೈ ಸೇರುತ್ತಿತ್ತು. ಇದನ್ನು ಸಾಕ್ಷ್ಯಚಿತ್ರವಾಗಿ ದಾಖಲಿಸಲು ಹೊರಟ ನಿರ್ದೇಶಕ ಮಿತ್ಸುವೊ ಸಾತೊ ೧೯೮೪ರಲ್ಲಿಯೂ, ಆ ಕೆಲಸವನ್ನು ಮುಂದುವರಿಸಿದ ಕ್ಯೋಇಚಿ ಯಾಮಾಒಕಾ ೧೯೮೬ರಲ್ಲಿಯೂ ಕೊಲೆಯಾದರು. ಮುಪ್ಪಿನಲ್ಲಿ ಕೂಲಿ ಸಿಗದಾದ ಇಂಥ ಕಾರ್ಮಿಕರಲ್ಲಿ ಅನೇಕರು ಉದ್ಯಾನಗಳ ನೀಲಿ ಹಾಳೆಗಳ ಕೆಳಗೆ ಸೇರಿದರು. ಸರ್ಕಾರದ ಗಣತಿಯಲ್ಲಿ ೨೦೦೩ರಲ್ಲಿ ೨೫,೨೯೬ ಇದ್ದ ನಿರ್ವಸತಿಕರ ಸಂಖ್ಯೆ ೨೦೨೦ರಲ್ಲಿ ೩,೯೯೨ ಆಯಿತು. ಕಣ್ಣಿಗೆ ಬಿದ್ದವರನ್ನಷ್ಟೆ ಎಣಿಸುವ ಗಣತಿ ಅದು. ಕೃತಿ ಆರಂಭವಾದ ೨೦೧೦ರಲ್ಲಿಯೇ ತೋಕಿಯೋದ ಶಿಬುಯಾದ ಮಿಯಾಶಿತಾ ಉದ್ಯಾನವನ್ನು ನವೀಕರಣಕ್ಕೆಂದು ಮುಚ್ಚಿ ಅಲ್ಲಿದ್ದವರನ್ನು ಎಬ್ಬಿಸಲಾಗಿತ್ತು.

ಓತಕೆಯವರು ತೆರವನ್ನು ಚಿತ್ರಿಸಿದ್ದಾರೆ. ನಿರ್ವಸತಿಕರ ಘನತೆಯನ್ನು ಎಲ್ಲಿಯೂ ಕುಂದಿಸಿಲ್ಲ. ಇದು ಅವರ ಹಿರಿಮೆ. ಆದರೆ ನಿತ್ತಾನ ಹೂಜಿಗಳಿಗೆ ಹಣ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಯನ್ನು ಅವರ ಹಾಸ್ಯ ಕೇಳುವುದಿಲ್ಲ. ಉದ್ಯಾನದ ಯಾವನಾದರೊಬ್ಬ ಮುದುಕನ ಕೂಲಿಯ ಪಾಲು ಆ ಪಿಂಗಾಣಿಯಲ್ಲಿ ಇದ್ದಿರಬಹುದೆಂಬ ಶಂಕೆ ಓದುಗನಲ್ಲಿ ಮೂಡದಂತೆ ಪುಟಗಳು ಸಾಗುತ್ತವೆ. ಒಂದು ಡಬ್ಬಿಯ ಬೆಲೆಯನ್ನು ಅಷ್ಟು ನಿಖರವಾಗಿ ತೋರಿಸಿದ ಕೃತಿ ಒಂದು ಹೂಜಿಯ ಬೆಲೆಯನ್ನು ತೋರಿಸದಿರುವುದು ಲೋಪವೆಂದೇ ನಮ್ಮ ಅಭಿಪ್ರಾಯ. ಮುಂದಿನ ಸಂಪುಟಗಳಲ್ಲಿ ಹಿತೊಮಿಯ ಏಳಿಗೆ ಅತಿಶಯೋಕ್ತಿಯ ಮೇಲೆ ಅತಿಶಯೋಕ್ತಿಯಾಗಿ ಬೆಳೆಯುವುದೂ, ಹುಡುಗಿಯರು ಬಂದ ಲೋಕದ ರಹಸ್ಯ ಮುನ್ನೆಲೆಗೆ ಬರುವುದೂ ಈ ಪ್ರಶ್ನೆಯನ್ನು ಇನ್ನಷ್ಟು ದೂರ ತಳ್ಳುತ್ತವೆ.

ಇಲ್ಲಿ ನಮಗೆ ನೆನಪಾಗುವುದು ಹತ್ತನೆಯ ಶತಮಾನದ ‘ವಡ್ಡಾರಾಧನೆ’ಯ ವಿದ್ಯುಚ್ಚೋರನ ಕಥೆ. ಪ್ರಭಾವದ ಮಾತಿಲ್ಲಿಲ್ಲ, ಎರಡು ಕಥನವಿಧಾನಗಳನ್ನು ಎದುರುಬದುರಾಗಿ ಇಟ್ಟು ನೋಡುವ ಉದ್ದೇಶವಷ್ಟೆ. ಅವನೂ ಕಳ್ಳ, ಅವನಿಗೂ ಅತಿಮಾನುಷ ವಿದ್ಯೆಗಳಿವೆ, ಹಗಲು ಕುಷ್ಠರೋಗಿಯ ವೇಷದಲ್ಲಿದ್ದು ಇರುಳು ಕದಿಯುತ್ತಾನೆ. ಕಥೆಯ ತಿರುಳು ಅವನಿಗೂ ತಳಾರನಾದ ಯಮದಂಡನಿಗೂ ಬಾಲ್ಯದಿಂದ ಇದ್ದ ಸ್ನೇಹ. ಆದರೆ ಆ ಕಥೆ ಕಳವಿನ ಬೆಲೆಯನ್ನು ಮರೆಮಾಡುವುದಿಲ್ಲ. ಹಾರ ಯಾರದು, ಅದು ಕಳುವಾದುದರಿಂದ ಯಾರ ತಲೆಯ ಮೇಲೆ ಗಡುವು ಬಿತ್ತು ಎಂಬುದನ್ನು ಹೇಳಿಯೇ ಮುಂದೆ ಹೋಗುತ್ತದೆ. ಕಳ್ಳನ ವಿದ್ಯೆಗೆ ಬೆಲೆ ತೆರಬೇಕಾದವನು ಅವನ ಗೆಳೆಯನೇ. ಜೈನ ಕಥೆಗಾರನು ಆ ಋಣವನ್ನು ಕಡೆಗೆ ವೈರಾಗ್ಯದಲ್ಲಿ ತೀರಿಸುತ್ತಾನೆ. ಓತಕೆಯವರು ತಮ್ಮ ನಾಯಕನನ್ನು ಸಂಸಾರದೊಳಕ್ಕೆ ನಡೆಸಿದ್ದಾರೆ. ಸಂಸಾರ ವೈರಾಗ್ಯಕ್ಕಿಂತ ಕಡಿಮೆಯ ಗತಿಯೆಂದು ನಾವು ಹೇಳುತ್ತಿಲ್ಲ. ಋಣದ ಲೆಕ್ಕ ಅಲ್ಲಿಯೂ ಇರಬೇಕಾಗಿತ್ತು ಎಂಬುದಷ್ಟೆ ನಮ್ಮ ಮಾತು.

೬

ಒಟ್ಟಿನಲ್ಲಿ, ರಕ್ತದಿಂದಲ್ಲ, ವಿಧಿಯಿಂದಲೂ ಅಲ್ಲ, ಬಿಡದ ನಿತ್ಯಕರ್ಮದಿಂದ ಕುಟುಂಬ ಆಗುತ್ತದೆ ಎಂಬ ಅರಿವನ್ನು ಉಪದೇಶದ ಸೋಂಕಿಲ್ಲದೆ, ನಗುನಗುತ್ತ ಮನಗಾಣಿಸಿದ ಕೃತಿ ‘ಹಿನಾಮತ್ಸುರಿ’. ಊರು ಬಿಟ್ಟು ಬಂದು ಮುಂಬಯಿಯಲ್ಲೋ ಹೈದರಾಬಾದಿನಲ್ಲೋ ದೆಹಲಿಯಲ್ಲೋ ನೆರೆಯವರನ್ನೇ ಚಿಕ್ಕಪ್ಪ, ದೊಡ್ಡಮ್ಮ ಎಂದು ಕರೆದು ಬಾಳಿದ ಕನ್ನಡಿಗರಿಗೆ ಈ ಅರಿವು ಹೊಸದಲ್ಲ. ಅದನ್ನು ಹೀಗೆ ಹಾಸ್ಯದ ಬಾಯಲ್ಲಿ ಕೇಳುವುದು ಹೊಸದು. ರಸಮೀಮಾಂಸೆ ಈ ಕೃತಿಯೊಳಗೆ ನಮ್ಮನ್ನು ಬಹುದೂರ ಕರೆದೊಯ್ಯುತ್ತದೆ. ಆಭಾಸವು ನಿಜವಾಗುವ ಬಗೆಯನ್ನು ತೋರಿಸಿಕೊಡುತ್ತದೆ. ಆದರೆ ನಗುವಿನ ಖರ್ಚನ್ನು ಯಾರು ಕೊಟ್ಟರು ಎಂಬ ಪ್ರಶ್ನೆ ಆ ಮೀಮಾಂಸೆಯ ಎಲ್ಲೆಯ ಆಚೆಗಿದೆ. ಅದನ್ನು ಚರಿತ್ರೆಯಿಂದ, ಕೂಲಿಯ ಲೆಕ್ಕದಿಂದ ಕೇಳಬೇಕು. ಹಳಗನ್ನಡವನ್ನು ಓದುವಾಗಲೂ ಜಪಾನೀ ಚಿತ್ರಪುಟವನ್ನು ಓದುವಾಗಲೂ ಈ ಎರಡು ಬಗೆಯ ಓದನ್ನು ಒಟ್ಟಿಗೆ ನಡೆಸುವುದು ಕಷ್ಟ. ಹೊರನಾಡಿನ ನಮ್ಮ ತರುಣ ಸಂಶೋಧಕರು ಆ ಕಷ್ಟವನ್ನು ಕೈಗೆತ್ತಿಕೊಂಡರೆ ಈ ಲೇಖನದ ಉದ್ದೇಶ ಸಫಲವಾದಂತೆ.